ಸಂಜೆ ನೆಟ್ಟಗೆ, ಬೆಳಿಗ್ಗೆ ವಾಲಿ: ಮೋಟರ್‌ಹೋಮ್ ಏರ್ ಸಸ್ಪೆನ್ಷನ್‌ನ ಸಣ್ಣ ಸೋರಿಕೆ ಹುಡುಕುವ ಬಗೆ

ಬೆಳಿಗ್ಗೆ ಕಾಫಿಗೆ ಹಾಲು ಇಟ್ಟೆ. ಪಾತ್ರೆಯಲ್ಲಿ ಹಾಲು ಒಂದು ಬದಿಗೆ ಜಾಸ್ತಿ, ಇನ್ನೊಂದು ಬದಿಗೆ ಕಡಿಮೆ. ಒಲೆ ನೆಟ್ಟಗಿತ್ತು, ವಾಲಿದ್ದು ಗಾಡಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ನಮ್ಮ ಮೋಟರ್‌ಹೋಮ್. ಟೇಪ್ ಹಿಡಿದು ಹೊರಗೆ ಹೋಗಿ ಅಳೆದರೆ ಎಡಗಡೆಯ ಹಿಂದಿನ ಮೂಲೆ ರಾತ್ರಿಯಲ್ಲಿ ಎರಡೂವರೆ ಇಂಚು ಇಳಿದಿತ್ತು. ಎಂಜಿನ್ ಶುರು ಮಾಡಿದೆ. ಐದು ನಿಮಿಷದಲ್ಲಿ ಗಾಡಿ ಎದ್ದು ನಿಂತಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕತೆ.

ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಹತ್ತಿರ. ಗಾಡಿ 2004ರ ಮಾಡೆಲ್, 38 ಅಡಿ ಉದ್ದ, ಹಿಂದುಗಡೆ ಡೀಸೆಲ್ ಎಂಜಿನ್. ಇಲ್ಲಿಯವರು ಇಂಥದ್ದನ್ನು ಡೀಸೆಲ್ ಪುಷರ್ ಎನ್ನುತ್ತಾರೆ. ಮೊದಲು ಒಂದು ವರ್ಕ್‌ಶಾಪ್‌ಗೆ ಕೊಟ್ಟೆ. ಗಾಡಿಯ ತೂಕ ಹೊರುವ ಗಾಳಿ ಚೀಲಗಳಲ್ಲಿ ಎಡಗಡೆ ಹಿಂದಿನ ಎರಡನ್ನೂ ಅವರು ಬದಲಿಸಿದರು. ಬಿಲ್ ಸಾವಿರ ಡಾಲರ್ ದಾಟಿತು. ಮನೆಗೆ ತಂದು ನಿಲ್ಲಿಸಿದೆ, ಬೆಳಿಗ್ಗೆ ಮತ್ತೆ ಎರಡೂವರೆ ಇಂಚು. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಇಳಿದ ಮೂಲೆಯಲ್ಲೇ ತೂತಿದೆ ಅಂದುಕೊಂಡರು, ಅಳೆದು ನೋಡಲಿಲ್ಲ. ಈ ಗಾಡಿಗಳಲ್ಲಿ ಇಳಿಯುವ ಜಾಗ ಒಂದು, ಸೋರುವ ಜಾಗ ಇನ್ನೊಂದು ಆಗಿರುವುದು ಬಹಳ ಸಾಮಾನ್ಯ. ಅದಕ್ಕೇ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ರಾತ್ರಿ ಅಳತೆಗೆ ಕೊಡಿ ಎಂದು ನಾನು ಒತ್ತಿ ಹೇಳುವುದು.

ಕೆಳಗೆ ನುಗ್ಗುವ ಮೊದಲು

ಇದನ್ನು ಓದದೆ ಮುಂದೆ ಹೋಗಬೇಡಿ. ಸುಮಾರು 13 ಟನ್ ತೂಕದ ಗಾಡಿ ನಿಂತಿರುವುದು ಗಾಳಿಯ ಮೇಲೆ. ಒಂದು ಪೈಪ್ ಕಳಚಿದರೆ, ಎತ್ತರ ಕಾಯುವ ವಾಲ್ವಿನ ಸನ್ನೆಕೋಲು ಅಲುಗಿದರೆ ಅದು ಕೆಲವೇ ಸೆಕೆಂಡಿನಲ್ಲಿ ಕೂತುಬಿಡುತ್ತದೆ. ಚಾಸಿ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟು, ಮತ್ತು ನೆಲದ ನಡುವೆ ಆಗ ಮನುಷ್ಯನ ಎದೆಗೆ ಬೇಕಾದಷ್ಟು ಜಾಗ ಉಳಿಯುವುದಿಲ್ಲ. ಹೀಗೆ ಸಿಕ್ಕಿಕೊಂಡು ಜನ ಸತ್ತಿದ್ದಾರೆ. ಗಾಡಿಯ ಹೈಡ್ರಾಲಿಕ್ ಲೆವೆಲಿಂಗ್ ಜ್ಯಾಕ್‌ಗಳನ್ನು ನಂಬಿ ಕೆಳಗೆ ಮಲಗಬೇಡಿ. ಅವು ಗಾಡಿಯನ್ನು ಸಮ ಮಾಡಲು ಇರುವುದು, ಹೊತ್ತು ಹಿಡಿಯಲು ಅಲ್ಲ.

ಚಾಸಿ ತಯಾರಕರು ತೋರಿಸಿದ ಜಾಗದಲ್ಲಿ, ಆ ತೂಕಕ್ಕೆ ತಕ್ಕ ಉಕ್ಕಿನ ಸ್ಟ್ಯಾಂಡ್ ಇಡಿ. ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಕಣ್ಣಿಗೆ ಕನ್ನಡಕ ಹಾಕಿ. ಯಾವ ಫಿಟ್ಟಿಂಗ್ ಬಿಚ್ಚುವುದಿದ್ದರೂ ಆ ಲೈನಿನ ಗಾಳಿ ಪೂರ್ತಿ ತೆಗೆದ ಮೇಲೆ ಬಿಚ್ಚಿ. ಹಿಂದಿನ ಬ್ರೇಕಿನ ದೊಡ್ಡ ಡಬ್ಬಿಯ ಸುತ್ತ ಒಂದು ಕ್ಲಾಂಪ್ ಇರುತ್ತದೆ. ಅದರೊಳಗೆ ಒತ್ತಿ ಕೂರಿಸಿದ ಭಾರೀ ಸ್ಪ್ರಿಂಗ್ ಇದೆ. ಆ ಕ್ಲಾಂಪನ್ನು ಯಾವ ಕಾರಣಕ್ಕೂ ಸಡಿಲ ಮಾಡಬೇಡಿ.

ಇನ್ನೊಂದು ಮಾತು. ಇಂಥ ಗಾಡಿಯಲ್ಲಿ ಬ್ರೇಕಿಗೂ ಸಸ್ಪೆನ್ಷನ್‌ಗೂ ಗಾಳಿ ಬರುವುದು ಒಂದೇ ಕಂಪ್ರೆಸರ್‌ನಿಂದ. ಹಾಗಾಗಿ ಮೊದಲು ಬ್ರೇಕ್ ಸರಿ ಇದೆಯಾ ನೋಡಿ. ಪೂರ್ತಿ ಒತ್ತಡ ತುಂಬಿಸಿ. ಗಾಡಿ ಉರುಳದಂತೆ ಅಡ್ಡ ಕೊಟ್ಟು ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಮೀಟರ್ ನೋಡಿ. ಅಮೆರಿಕದ ಏರ್ ಬ್ರೇಕ್ ಪರೀಕ್ಷೆಯ ಲೆಕ್ಕದಲ್ಲಿ ಒಂಟಿ ವಾಹನಕ್ಕೆ ಒತ್ತಡ ನಿಮಿಷಕ್ಕೆ 2 ಪಿಎಸ್‌ಐಗಿಂತ (ಚದರ ಇಂಚಿಗೆ ಇಷ್ಟು ಪೌಂಡ್ ಎನ್ನುವ ಅಳತೆ) ಜಾಸ್ತಿ ಇಳಿಯಬಾರದು. ಪೆಡಲ್ ಒತ್ತಿ ಹಿಡಿದಾಗ ನಿಮಿಷಕ್ಕೆ 3. ಅದನ್ನು ಮೀರಿದರೆ ಇದು ಸಣ್ಣ ಸೋರಿಕೆಯಲ್ಲ, ಬ್ರೇಕಿನ ದೋಷ. ಗಾಡಿ ಓಡಿಸಬೇಡಿ, ಬಲ್ಲವರನ್ನು ಕರೆಸಿ. ಈ ಬರಹ ಇರುವುದು ಅದಕ್ಕಿಂತ ಬಹಳ ನಿಧಾನವಾದ, ಗಂಟೆಗಳ ಲೆಕ್ಕದ ಸೋರಿಕೆಗೆ ಮಾತ್ರ.

ಗಾಳಿ ಹೋಗುವ ದಾರಿ

ಬೆಂಗಳೂರು–ಮೈಸೂರು ಓಡುವ ಐರಾವತದ ವೋಲ್ವೊ ಬಸ್ಸಿನಲ್ಲಿ ಕೂತವರಿಗೆ ಈ ಸಸ್ಪೆನ್ಷನ್ ಗೊತ್ತೇ ಇದೆ. ಗುಂಡಿ ಬಂದರೂ ಬೆನ್ನಿಗೆ ಏಟು ಬೀಳುವುದಿಲ್ಲ. ಪಟ್ಟಿ ಪಟ್ಟಿ ಉಕ್ಕಿನ ಸ್ಪ್ರಿಂಗ್ ಬದಲು ಅಲ್ಲಿ ರಬ್ಬರ್ ಚೀಲ ಇರುತ್ತದೆ. ನಮ್ಮ ಕಡೆಯ ಬಸ್ ಮೆಕ್ಯಾನಿಕ್‌ಗಳು ಅದನ್ನು ಬೆಲ್ಲೋ ಎನ್ನುತ್ತಾರೆ. ಇಲ್ಲಿ ಏರ್ ಬ್ಯಾಗ್ ಎನ್ನುತ್ತಾರೆ, ಆದರೆ ಆ ಹೆಸರು ಕೇಳಿದರೆ ಕಾರು ಗುದ್ದಿದಾಗ ಉಬ್ಬುವ ಚೀಲ ನೆನಪಾಗುತ್ತದೆ ಅಲ್ವಾ. ನಾನು ಬೆಲ್ಲೋ ಅಂತಲೇ ಬರೆಯುತ್ತೇನೆ.

ಕಂಪ್ರೆಸರ್ ಸುಮಾರು 120ರಿಂದ 130 ಪಿಎಸ್‌ಐ ಒತ್ತಡದವರೆಗೆ ಗಾಳಿ ತುಂಬುತ್ತದೆ, ಆಮೇಲೆ ಗವರ್ನರ್ ಅದನ್ನು ತಡೆಯುತ್ತದೆ. ಗಾಳಿ ಮೊದಲು ತೇವ ತೆಗೆಯುವ ಡ್ರೈಯರ್‌ಗೆ, ಅಲ್ಲಿಂದ ವೆಟ್ ಟ್ಯಾಂಕ್ ಎನ್ನುವ ಮೊದಲ ಟ್ಯಾಂಕ್‌ಗೆ, ಅಲ್ಲಿಂದ ಒಂದೇ ದಿಕ್ಕಿನ ಚೆಕ್ ವಾಲ್ವ್‌ಗಳ ಮೂಲಕ ಮುಂದಿನ ಮತ್ತು ಹಿಂದಿನ ಬ್ರೇಕ್ ಟ್ಯಾಂಕ್‌ಗಳಿಗೆ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಎರಡು ಮುಳ್ಳುಗಳು ತೋರಿಸುವುದು ಈ ಎರಡು ಟ್ಯಾಂಕ್‌ಗಳ ಒತ್ತಡವನ್ನು. ಬೆಲ್ಲೋ ಒಳಗೆ ಎಷ್ಟಿದೆ ಅಂತ ಅವು ಹೇಳುವುದೇ ಇಲ್ಲ.

ಸಸ್ಪೆನ್ಷನ್‌ಗೆ ಗಾಳಿ ಸಿಗುವುದು ಒಂದು ಟ್ಯಾಂಕಿನಿಂದ, ನಡುವೆ ಒಂದು ರಕ್ಷಣಾ ವಾಲ್ವ್ ಇಟ್ಟುಕೊಂಡು. ಟ್ಯಾಂಕಿನ ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ ಈ ವಾಲ್ವ್ ಮುಚ್ಚಿಕೊಳ್ಳುತ್ತದೆ. ಬೆಲ್ಲೋ ಎಷ್ಟೇ ಸೋರಲಿ, ಬ್ರೇಕಿನ ಪಾಲು ಉಳಿಯಬೇಕು ಅನ್ನುವುದು ಲೆಕ್ಕ. ನನ್ನ ಗಾಡಿಯಲ್ಲಿ ಅದು ಹಿಂದಿನ ಟ್ಯಾಂಕಿಗೆ ಸೇರಿದೆ, 70ರ ಆಸುಪಾಸಿನಲ್ಲಿ ಮುಚ್ಚುತ್ತದೆ. ನಿಮ್ಮದು ಚಾಸಿಗೆ ತಕ್ಕಂತೆ ಬೇರೆ ಇರಬಹುದು.

ಕೊನೆಯಲ್ಲಿ ಬರುವುದು ಹೈಟ್ ವಾಲ್ವ್, ಎತ್ತರ ಕಾಯುವ ವಾಲ್ವ್. ಚಾಸಿಗೆ ಅದರ ಮೈ, ಆಕ್ಸಲ್‌ಗೆ ಅದರ ಸನ್ನೆಕೋಲು. ಗಾಡಿ ಇಳಿದರೆ ಸನ್ನೆಕೋಲು ಮೇಲೇಳುತ್ತದೆ, ವಾಲ್ವ್ ಬೆಲ್ಲೋಗೆ ಗಾಳಿ ಬಿಡುತ್ತದೆ. ಗಾಡಿ ಏರಿದರೆ ಗಾಳಿಯನ್ನು ಹೊರಗೆ ಬಿಡುತ್ತದೆ. ನಡುವೆ ಇದ್ದರೆ ಸುಮ್ನೆ ಇರುತ್ತದೆ. ಇಂಥವು ಸಾಮಾನ್ಯವಾಗಿ ಮೂರು ಇರುತ್ತವೆ: ಒಂದು ಆಕ್ಸಲ್‌ಗೆ ಒಂದೇ, ಇನ್ನೊಂದಕ್ಕೆ ಎಡಕ್ಕೊಂದು ಬಲಕ್ಕೊಂದು. ಒಂದೇ ವಾಲ್ವ್ ಇರುವ ಕಡೆ ಎರಡು ಬೆಲ್ಲೋಗಳೂ ಒಂದೇ ಪೈಪಿನಲ್ಲಿ ಕೂಡಿಕೊಂಡಿರುತ್ತವೆ. ಬಲಗಡೆಯದು ಸೋರಿದರೂ ಎರಡೂ ಇಳಿಯುತ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ತಿಳಿಯಲು ತಿಂಗಳು ಹಿಡಿಯಿತು. ಹೈಟ್ ವಾಲ್ವ್‌ಗೆ ಎಂಜಿನ್ ಬೇಡ, ಕರೆಂಟ್ ಬೇಡ. ರಾತ್ರಿ ನೀವು ಮಲಗಿರುವಾಗಲೂ ಅದು ಕೆಲಸ ಮಾಡುತ್ತಿರುತ್ತದೆ. ಬೆಲ್ಲೋ ಕಡೆ ಸೋರಿದಷ್ಟನ್ನು ಟ್ಯಾಂಕಿನಿಂದ ತುಂಬಿಸುತ್ತಲೇ ಇರುತ್ತದೆ. ಆದ್ದರಿಂದ ಮೊದಲ ಕೆಲವು ಗಂಟೆ ಗಾಡಿ ಇಳಿಯುವುದಿಲ್ಲ, ಟ್ಯಾಂಕ್ ಇಳಿಯುತ್ತದೆ. ರಕ್ಷಣಾ ವಾಲ್ವ್ ಮುಚ್ಚಿದ ಮೇಲೆ ಗಾಡಿ ಇಳಿಯಲು ಶುರು. ಲೆವೆಲಿಂಗ್ ಜ್ಯಾಕ್ ಹಾಕಿ, ಗಾಳಿ ಬಿಟ್ಟು ನಿಲ್ಲಿಸಿದ್ದರೆ ಈ ಯಾವುದೂ ಕಾಣುವುದಿಲ್ಲ. ಪರೀಕ್ಷೆಯ ರಾತ್ರಿ ಜ್ಯಾಕ್‌ಗಳನ್ನು ಮೇಲಕ್ಕೆ ಎತ್ತಿಟ್ಟಿರಿ, ನೆಲಕ್ಕೆ ತಾಗದಿರಲಿ.

ಒಂದು ರಾತ್ರಿಯ ಲೆಕ್ಕ

ಸಮನಾದ ನೆಲದಲ್ಲಿ ನಿಲ್ಲಿಸಿ. ಒತ್ತಡ ಪೂರ್ತಿ ತುಂಬಿಸಿ. ನಾಲ್ಕೂ ಚಕ್ರದ ನಡುಮಧ್ಯೆ ನೇರವಾಗಿ ಮೇಲೆ, ಬಾಡಿಯ ಅಂಚಿಗೆ ಪೇಪರ್ ಟೇಪ್ ಅಂಟಿಸಿ ಪೆನ್ಸಿಲ್ ಗುರುತು ಹಾಕಿ. ಪ್ರತಿ ಸಲ ಅದೇ ಗುರುತಿನಿಂದ ನೆಲಕ್ಕೆ ಅಳೆಯಬೇಕು. ಒಂದು ನೋಟ್‌ಬುಕ್, ಒಂದು ಥರ್ಮಾಮೀಟರ್. ನಾಲ್ಕು ಗಂಟೆಗೊಮ್ಮೆ ಏಳಬೇಕು, ಅದೊಂದೇ ಕಷ್ಟ.

ನವೆಂಬರ್‌ನ ಒಂದು ಶನಿವಾರ ನನಗೆ ಸಿಕ್ಕಿದ್ದು ಇದು. ಸಂಜೆ ಆರಕ್ಕೆ ಮುಂದಿನ ಟ್ಯಾಂಕ್ 120, ಹಿಂದಿನದು 120, ಹೊರಗೆ 30 ಡಿಗ್ರಿ ಸೆಲ್ಸಿಯಸ್. ರಾತ್ರಿ ಹತ್ತಕ್ಕೆ ಮುಂದಿನದು 117, ಹಿಂದಿನದು 94, ನಾಲ್ಕೂ ಮೂಲೆ ಇದ್ದಲ್ಲೇ ಇದ್ದವು. ಎರಡು ಗಂಟೆಗೆ ಮುಂದಿನದು 115, ಹಿಂದಿನದು 72, ಎತ್ತರ ಆಗಲೂ ಹಾಗೇ. ಬೆಳಿಗ್ಗೆ ಆರಕ್ಕೆ 15 ಡಿಗ್ರಿ, ಮುಂದಿನದು 113, ಹಿಂದಿನದು 68, ಎಡ ಹಿಂದಿನ ಮೂಲೆ ಎರಡೂವರೆ ಇಂಚು ಕೆಳಗೆ. ಉಳಿದ ಮೂರು ಮೂಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ.

ಈ ನಾಲ್ಕು ಸಾಲುಗಳಲ್ಲಿ ಎಷ್ಟು ವಿಷಯ ಇದೆ ನೋಡಿ. ಮುಂದಿನ ಟ್ಯಾಂಕ್ 7 ಪಿಎಸ್‌ಐ ಇಳಿದಿದೆ, ಆದರೆ ಅದು ಸೋರಿಕೆ ಅಲ್ಲ. ಮುಚ್ಚಿದ ಟ್ಯಾಂಕಿನ ಗಾಳಿ ತಣ್ಣಗಾದರೆ ಒತ್ತಡ ತಾನಾಗಿ ಇಳಿಯುತ್ತದೆ. ಮೀಟರಿನ 120ಕ್ಕೆ ಹೊರಗಿನ ಹವೆಯ ಸುಮಾರು 15 ಸೇರಿಸಿ, 135. 30 ಡಿಗ್ರಿ ಅಂದರೆ ಕೆಲ್ವಿನ್ ಲೆಕ್ಕದಲ್ಲಿ 303, 15 ಡಿಗ್ರಿ ಅಂದರೆ 288. 135ನ್ನು 288ರಿಂದ ಗುಣಿಸಿ 303ರಿಂದ ಭಾಗಿಸಿದರೆ 128 ಬರುತ್ತದೆ. 15 ಕಳೆಯಿರಿ, 113. ಮೀಟರ್ ತೋರಿಸಿದ್ದೂ ಅದೇ. ಬರೀ ಚಳಿಯನ್ನು ಸೋರಿಕೆ ಎಂದುಕೊಂಡು ವಾರಗಟ್ಟಲೆ ಹುಡುಕಿದವರನ್ನು ನಾನು ಕಂಡಿದ್ದೇನೆ. ಫೀನಿಕ್ಸ್‌ನಲ್ಲಿ ಮಧ್ಯಾಹ್ನ ಹೊರಟು, ಸಂಜೆ ಫ್ಲ್ಯಾಗ್‌ಸ್ಟಾಫ್‌ನ ಬೆಟ್ಟದ ಚಳಿಯಲ್ಲಿ ನಿಲ್ಲಿಸಿದರೆ ಈ ವ್ಯತ್ಯಾಸ ಇನ್ನೂ ಜಾಸ್ತಿ.

ಬೆಲ್ಲೋಗೆ ಚಳಿಯ ಪರಿಣಾಮ ಬೇರೆ ಥರ. ಅದರ ಮೇಲಿನ ತೂಕ ಬದಲಾಗುವುದಿಲ್ಲ, ಹಾಗಾಗಿ ಒಳಗಿನ ಒತ್ತಡವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಗಾಳಿ ಕುಗ್ಗುತ್ತದೆ, ಎತ್ತರ ಇಳಿಯುತ್ತದೆ. 15 ಡಿಗ್ರಿ ಇಳಿದರೆ ಅರ್ಧ ಇಂಚಿನೊಳಗಿನ ವ್ಯತ್ಯಾಸ. ಅದಕ್ಕೇ ಬೆಲ್ಲೋ ಸೋರಿಕೆಯನ್ನು ಮೀಟರಿನಲ್ಲಿ ಅಲ್ಲ, ಟೇಪಿನಲ್ಲಿ ಹುಡುಕಬೇಕು. ಎರಡೂವರೆ ಇಂಚು ಚಳಿಯ ಕೆಲಸ ಅಲ್ಲವೇ ಅಲ್ಲ.

ಇನ್ನು ಹಿಂದಿನ ಟ್ಯಾಂಕ್. ಅದು 70ರವರೆಗೆ ಬೇಗ ಬೇಗ ಇಳಿದು ಅಲ್ಲಿ ನಿಂತಿದೆ. ಅಂದರೆ ಸೋರುತ್ತಿರುವುದು ರಕ್ಷಣಾ ವಾಲ್ವ್‌ನ ಆಚೆ, ಸಸ್ಪೆನ್ಷನ್ ಕಡೆ. ಬ್ರೇಕಿನ ಪೈಪುಗಳು, ಟ್ಯಾಂಕ್, ಅದರ ನೀರು ಬಿಡುವ ವಾಲ್ವ್ ಎಲ್ಲ ಚೆನ್ನಾಗಿವೆ. ಗಾಡಿ ಇಳಿದಿದ್ದು ಎಡ ಹಿಂದೆ ಮಾತ್ರ. ಹಾಗಾದರೆ ಎಡ ಹಿಂದಿನ ಹೈಟ್ ವಾಲ್ವ್, ಅದರಿಂದ ಬೆಲ್ಲೋಗೆ ಹೋಗುವ ಪೈಪ್, ಇಲ್ಲವೇ ಬೆಲ್ಲೋ. ಇಡೀ ಗಾಡಿಯಲ್ಲಿ ಹುಡುಕಬೇಕಾದ ಜಾಗ ನಾಲ್ಕು ಅಡಿಗೆ ಬಂತು, ಇನ್ನೂ ಕೆಳಗೆ ನುಗ್ಗಿರಲಿಲ್ಲ.

ನಿಮ್ಮ ಲೆಕ್ಕ ಬೇರೆ ಬರಬಹುದು. ಟ್ಯಾಂಕ್ ರಕ್ಷಣಾ ವಾಲ್ವ್‌ನ ಮಟ್ಟವನ್ನೂ ದಾಟಿ ಇಳಿಯುತ್ತಾ ಹೋದರೆ ದೋಷ ಆ ಟ್ಯಾಂಕಿನ ಬ್ರೇಕ್ ಕಡೆ ಇದೆ, ಅಥವಾ ರಕ್ಷಣಾ ವಾಲ್ವೇ ಮುಚ್ಚುತ್ತಿಲ್ಲ. ಟ್ಯಾಂಕ್ ಇಳಿಯದೆ ಗಾಡಿ ಮಾತ್ರ ಇಳಿದರೆ ಹೈಟ್ ವಾಲ್ವ್ ದಾಟಿ ಬೆಲ್ಲೋಗೆ ಗಾಳಿ ತಲುಪುತ್ತಿಲ್ಲ ಎಂದು ಅರ್ಥ: ವಾಲ್ವಿನ ಸನ್ನೆಕೋಲನ್ನು ಆಕ್ಸಲ್‌ಗೆ ಸೇರಿಸುವ ಕೊಂಡಿ ಕಳಚಿರಬಹುದು, ಗಾಳಿ ಸೋಸುವ ಜಾಲರಿ ಕಟ್ಟಿಕೊಂಡಿರಬಹುದು. ಟ್ಯಾಂಕ್ ರಕ್ಷಣಾ ವಾಲ್ವ್‌ನ ಮಟ್ಟಕ್ಕೆ ಇಳಿದು, ಆಮೇಲೂ ಗಾಡಿ ಇಳಿಯದಿದ್ದರೆ ಬೆಲ್ಲೋಗೆ ಹೋಗುವ ಮೊದಲೇ ಎಲ್ಲೋ ಸೋರುತ್ತಿದೆ.

ಸೋಪಿನ ನೀರು, ತಾಳ್ಮೆ

ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಿರುಗಿಸುವುದನ್ನು ಎಲ್ಲರೂ ನೋಡಿದ್ದೇವೆ. ಗಾಡಿಯನ್ನು ಮುಳುಗಿಸಲು ಆಗುವುದಿಲ್ಲ, ಸೋಪಿನ ನೀರನ್ನೇ ಅಲ್ಲಿಗೆ ಒಯ್ಯಬೇಕು. ಅರ್ಧ ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಸಾಕು. ಬಾಟಲಿ ಕುಲುಕಬೇಡಿ, ನೊರೆ ಮೊದಲೇ ಇದ್ದರೆ ಹೊಸ ನೊರೆ ಗೊತ್ತಾಗುವುದಿಲ್ಲ. ಬಣ್ಣ ಹಚ್ಚುವ ಸಣ್ಣ ಬ್ರಷ್‌ನಲ್ಲಿ ಹಚ್ಚಿದರೆ ಸ್ಪ್ರೇಗಿಂತ ಚೆನ್ನಾಗಿ ಕೂರುತ್ತದೆ ಅನ್ನುವುದು ನನ್ನ ಅನುಭವ.

ಹೆಚ್ಚಿನವರು ಇಲ್ಲಿ ಸೋಲುವುದು ಆತುರದಿಂದ. ದೊಡ್ಡ ಗುಳ್ಳೆ ಬುಳಬುಳ ಎನ್ನಬೇಕು ಅಂತ ಕಾಯುತ್ತಾರೆ. ಸಣ್ಣ ಸೋರಿಕೆ ಎಷ್ಟು ಸಣ್ಣದು ಅಂತ ಒಮ್ಮೆ ಲೆಕ್ಕ ಹಾಕಿ. 40 ಲೀಟರ್ ಟ್ಯಾಂಕ್ 12 ಗಂಟೆಯಲ್ಲಿ 13 ಪಿಎಸ್‌ಐ ಇಳಿಯಿತು ಎಂದುಕೊಳ್ಳಿ. ಹೊರಗೆ ಹೋದ ಗಾಳಿ ಸುಮಾರು 35 ಲೀಟರ್. ನಿಮಿಷಕ್ಕೆ 50 ಮಿಲಿಲೀಟರ್, ಅರ್ಧ ಲೋಟ ಕಾಫಿಯಷ್ಟು. ಅದು ಕಿವಿಗೆ ಕೇಳುವುದಿಲ್ಲ, ಕೈಗೆ ತಾಗುವುದಿಲ್ಲ. ಸೋಪಿನಲ್ಲಿ ಬಿಳಿ ಚುಕ್ಕೆಯಾಗಿ ಶುರುವಾಗಿ, ನಿಧಾನವಾಗಿ ಸಾಸಿವೆ ಕಾಳುಗಳ ಗೊಂಚಲಿನಂತೆ ಬೆಳೆಯುತ್ತದೆ. ಹಚ್ಚಿ, ಐದು ನಿಮಿಷ ಬಿಟ್ಟು, ಟಾರ್ಚ್ ಹಾಕಿ ಮತ್ತೆ ನೋಡಿ. ಸೋರಿಕೆ ಬೆಳಗಿನ ಚಳಿಯಲ್ಲಿ ಮಾತ್ರ ಆಗುತ್ತಿದ್ದರೆ ಬೆಳಗಿನ ಚಳಿಯಲ್ಲೇ ಹುಡುಕಿ. ಫಿಟ್ಟಿಂಗ್ ಒಳಗಿನ ರಬ್ಬರ್ ರಿಂಗ್ ಚಳಿಗೆ ಗಟ್ಟಿಯಾಗಿ ಕುಗ್ಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಮತ್ತೆ ಹಿಡಿದುಕೊಳ್ಳುತ್ತದೆ.

ಸೋಪಿನ ಬದಲು ಗಾಜು ಒರೆಸುವ ನೀಲಿ ದ್ರವ ಹೊಡೆಯುವವರಿದ್ದಾರೆ. ಅದರಲ್ಲಿ ಅಮೋನಿಯಾ ಇದ್ದರೆ ದಯವಿಟ್ಟು ಬೇಡ. ಇಂಥ ಗಾಡಿಯ ಫಿಟ್ಟಿಂಗ್‌ಗಳು ಹೆಚ್ಚಾಗಿ ಹಿತ್ತಾಳೆಯವು, ಒತ್ತಡದಲ್ಲಿರುವ ಹಿತ್ತಾಳೆಯನ್ನು ಅಮೋನಿಯಾ ಸೀಳುತ್ತದೆ. ಇದು ಮೊದಲು ಗಮನಕ್ಕೆ ಬಂದಿದ್ದು ಬ್ರಿಟಿಷರ ಕಾಲದ ಭಾರತದಲ್ಲೇ. ಮಳೆಗಾಲದಲ್ಲಿ ಸೇನೆ ತನ್ನ ಹಿತ್ತಾಳೆಯ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದರೆ ಎಷ್ಟೋ ಬಿರುಕು ಬಿಟ್ಟಿರುತ್ತಿದ್ದವು. ಕುದುರೆ ಗಂಜಲದಿಂದ ಎದ್ದ ಅಮೋನಿಯಾವೇ ಕಾರಣ ಎಂದು 1921ರಲ್ಲಿ ಗೊತ್ತಾಯಿತು. ಇಂಗ್ಲಿಷ್‌ನಲ್ಲಿ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು. ಸೋರಿಕೆ ಹುಡುಕಲು ಹೋಗಿ ಹೊಸ ಬಿರುಕು ಮಾಡಿಕೊಳ್ಳುವುದು ಬೇಡ.

ಬೆಲ್ಲೋವೋ, ವಾಲ್ವೋ

ಸೋಪು ಹಚ್ಚಿಯೂ ಗೊಂದಲ ಉಳಿದರೆ ಭಾಗ ಮಾಡಿ ನೋಡಬೇಕು. ನಾನು ಎಡ ಹಿಂದಿನ ಹೈಟ್ ವಾಲ್ವ್ ಮತ್ತು ಬೆಲ್ಲೋಗಳ ನಡುವಿನ ಪೈಪಿನಲ್ಲಿ ಒಂದು ಸಣ್ಣ ಬಾಲ್ ವಾಲ್ವ್ ಸೇರಿಸಿದೆ. ಗಾಳಿ ತುಂಬಿಸಿ, ಅದನ್ನು ಮುಚ್ಚಿ, ಮತ್ತೆ ಒಂದು ರಾತ್ರಿ ಅಳೆದೆ. ಬೆಳಿಗ್ಗೆ ಎಡ ಹಿಂದಿನ ಮೂಲೆ ಇದ್ದಲ್ಲೇ ಇತ್ತು. ಬೆಲ್ಲೋಗಳು, ಅವುಗಳ ಫಿಟ್ಟಿಂಗ್‌ಗಳು ಎಲ್ಲ ಸರಿ. ಹಳೆಯ ಬೆಲ್ಲೋಗಳೂ ಸರಿಯಾಗಿಯೇ ಇದ್ದಿರಬೇಕು. ಬಾಲ್ ವಾಲ್ವ್ ಪರೀಕ್ಷೆಗೆ ಮಾತ್ರ, ಅದನ್ನು ಮುಚ್ಚಿಕೊಂಡು ರಸ್ತೆಗೆ ಇಳಿಯಬಾರದು.

ಆ ರಾತ್ರಿಯ ಲೆಕ್ಕದಲ್ಲಿ ಇನ್ನೊಂದು ಸುಳಿವೂ ಇತ್ತು. ಮುಂದಿನ ಟ್ಯಾಂಕ್ 113. ಹಿಂದಿನದು 100. ಚಳಿಯ ಪಾಲು 7 ತೆಗೆದರೂ 13 ಪಿಎಸ್‌ಐ ಎಲ್ಲೋ ಹೋಗಿದೆ. ಬೆಲ್ಲೋ ಕಡೆ ಮುಚ್ಚಿದ್ದರೂ ಹೋಗಿದೆ. ಅಂದರೆ ಎರಡು ಸೋರಿಕೆ ಇವೆ. ಹಳೆಯ ಗಾಡಿಗಳಲ್ಲಿ ಇದೇ ನಿಯಮ ಅನ್ನಿಸುವಷ್ಟು ಸಾಮಾನ್ಯ. ಒಂದು ಸಿಕ್ಕಿತು ಅಂತ ಹುಡುಕುವುದು ನಿಲ್ಲಿಸಿದವರು ಅದಕ್ಕೇ ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತಿರುತ್ತಾರೆ.

ಮೊದಲನೆಯದು ಹೈಟ್ ವಾಲ್ವ್. ಬಾಲ್ ವಾಲ್ವ್ ತೆರೆದು, ಗಾಡಿ ಸ್ಟ್ಯಾಂಡ್ ಮೇಲೆ ಭದ್ರವಾಗಿರುವಾಗ ವಾಲ್ವಿನ ಗಾಳಿ ಬಿಡುವ ತೂತಿಗೆ ಸೋಪು ಹಚ್ಚಿದೆ. ಒಂದು ಗುಳ್ಳೆ ಉಬ್ಬಿ, ಒಡೆದು, ಮತ್ತೆ ಉಬ್ಬಲು ಶುರುವಾಯಿತು. ಇದನ್ನು ನೋಡಿದ ಕೂಡಲೇ ವಾಲ್ವ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ. ಕೊಂಡಿ ಬಾಗಿ ಸನ್ನೆಕೋಲು ನಡುವಿಗಿಂತ ಕೆಳಗೆ ನಿಂತಿದ್ದರೆ ಒಳ್ಳೆಯ ವಾಲ್ವ್ ಕೂಡ ಗಾಳಿ ಬಿಡುತ್ತದೆ, ಅದು ಅದರ ಕೆಲಸ. ಕೊಂಡಿ ಕಳಚಿ, ಸನ್ನೆಕೋಲನ್ನು ಕೈಯಲ್ಲಿ ನಡುವಿಗೆ ತನ್ನಿ. ಕೆಲವು ವಾಲ್ವ್‌ಗಳಲ್ಲಿ ನಡುವಿನ ಗುರುತಿಗೆ ಪಿನ್ ತೂರಿಸುವ ತೂತೇ ಇರುತ್ತದೆ. ನಡುವಿನಲ್ಲಿಟ್ಟರೂ ಗುಳ್ಳೆ ಬಂದರೆ ಒಳಗಿನ ಸೀಲ್ ಹೋಗಿದೆ. ನನ್ನದರಲ್ಲಿ ಬಂತು. ವಾಲ್ವ್ ಬದಲಿಸಿದೆ. ಹಳೆಯದನ್ನು ಬಿಚ್ಚಿ ನೋಡಿದರೆ ಸೀಲಿನ ಕೂರುವ ಜಾಗದಲ್ಲಿ ಬಿಳಿ ಟೇಪಿನ ಒಂದು ಎಳೆ, ಉಗುರಿನಷ್ಟು ಉದ್ದ, ಅಂಟಿಕೊಂಡಿತ್ತು. ನಲ್ಲಿಗೆ ಸುತ್ತುವ ಬಿಳಿ ಟೇಪ್. ಯಾರೋ ಹಿಂದೆ ಫಿಟ್ಟಿಂಗ್‌ಗೆ ಸುತ್ತಿದ್ದು ಹರಿದು ಒಳಗೆ ಹೋಗಿದೆ. ಅದಕ್ಕೇ ಈ ಕೆಲಸಕ್ಕೆ ಟೇಪ್ ಬೇಡ, ಥ್ರೆಡ್‌ಗೆ ಹಚ್ಚುವ ಸೀಲಿಂಗ್ ಪೇಸ್ಟ್ ಬಳಸಿ. ಅದನ್ನೂ ಥ್ರೆಡ್‌ನ ಮೊದಲ ಎರಡು ಸುತ್ತು ಬಿಟ್ಟು ಹಚ್ಚಿ.

ಎರಡನೆಯದು ಸಿಗಲು ಇನ್ನೂ ಎರಡು ಸಂಜೆ ಬೇಕಾಯಿತು. ಟ್ಯಾಂಕಿನಿಂದ ಎರಡು ಹಿಂದಿನ ಹೈಟ್ ವಾಲ್ವ್‌ಗಳಿಗೆ ಕವಲೊಡೆಯುವ ಜಾಗದಲ್ಲಿ ಇಂಗ್ಲಿಷ್ T ಆಕಾರದ ಒಂದು ಫಿಟ್ಟಿಂಗ್ ಇದೆ. ಅಲ್ಲಿ ಎಷ್ಟು ಸೋಪು ಹಚ್ಚಿದರೂ ಏನೂ ಇಲ್ಲ. ಬ್ರಷ್ ತೆಗೆಯುವಾಗ ಮೊಣಕೈ ಪೈಪಿಗೆ ತಾಗಿತು, ಪೈಪ್ ಒಂದು ಬದಿಗೆ ಸ್ವಲ್ಪ ವಾಲಿತು. ಆಗ ಫಿಟ್ಟಿಂಗ್‌ನ ಬಾಯಲ್ಲಿ ನೊರೆ ಕಾಣಿಸಿತು. ಕೈ ಬಿಟ್ಟೆ, ನೊರೆ ನಿಂತಿತು. ಮತ್ತೆ ವಾಲಿಸಿದೆ, ಮತ್ತೆ ನೊರೆ. ಪೈಪನ್ನು ಹೊರಗೆಳೆದು ನೋಡಿದರೆ ತುದಿ ಓರೆಯಾಗಿ ಕತ್ತರಿಸಿತ್ತು, ವೈರ್ ಕತ್ತರಿಸುವ ಕಟ್ಟರ್‌ನಲ್ಲಿ ಕಚ್ಚಿ ತೆಗೆದ ಹಾಗೆ. ಓರೆ ತುದಿ ರಬ್ಬರ್ ರಿಂಗಿನ ಮೇಲೆ ಅರ್ಧ ಮಾತ್ರ ಕೂತಿತ್ತು. ಅಂದಿನಿಂದ ನಾನು ಪ್ರತಿ ಫಿಟ್ಟಿಂಗ್‌ಗೂ ಸೋಪು ಹಚ್ಚಿದ ಮೇಲೆ ಪೈಪನ್ನು ನಾಲ್ಕೂ ದಿಕ್ಕಿಗೆ ಮೆಲ್ಲಗೆ ಒತ್ತಿ ನೋಡುತ್ತೇನೆ.

ಇದರ ರಿಪೇರಿ ಸುಲಭ. ಗಾಳಿ ತೆಗೆದು, ಪೈಪಿನ ಗೀರಿರುವ ತುದಿಯನ್ನು ಟ್ಯೂಬ್ ಕಟ್ಟರ್‌ನಲ್ಲಿ ನೆಟ್ಟಗೆ ಕತ್ತರಿಸಿ. ಫಿಟ್ಟಿಂಗ್ ಎಷ್ಟು ಆಳ ಇದೆಯೋ ಅಷ್ಟಕ್ಕೆ ಪೈಪಿನ ಮೇಲೆ ಗುರುತು ಹಾಕಿ, ಆ ಗುರುತು ಮುಚ್ಚುವವರೆಗೆ ಒತ್ತಿ, ಆಮೇಲೆ ಹಿಂದಕ್ಕೆ ಎಳೆದು ನೋಡಿ. ಉದ್ದ ಸಾಲದಿದ್ದರೆ ಬಿಗಿಯಾಗಿ ಎಳೆದು ಕೂರಿಸಬೇಡಿ, ಹೊಸ ತುಂಡು ಜೋಡಿಸಿ. ಪೈಪ್ ಏರ್ ಬ್ರೇಕಿಗೆಂದೇ ಮಾಡಿದ ನೈಲಾನ್ ಆಗಿರಬೇಕು, ಮೈಮೇಲೆ ಎಸ್‌ಎಇ ಜೆ844 ಎಂದು ಅಚ್ಚಾಗಿರುತ್ತದೆ. ಫ್ರಿಜ್ಜಿನ ನೀರಿನ ಪೈಪ್ ನೋಡಲು ಹಾಗೇ ಕಂಡರೂ ಬೇಡ.

ಬೇರೆ ಕಡೆ ಸಿಗುವವು

ನಿಮ್ಮ ಗಾಡಿಯಲ್ಲಿ ಬೆಲ್ಲೋವೇ ಸೋರುತ್ತಿರಬಹುದು. ರಬ್ಬರಿನ ಮೇಲ್ಮೈಯ ಕೂದಲೆಳೆಯಂಥ ಗೆರೆಗಳು ಬಿಸಿಲು, ಓಝೋನ್‌ನಿಂದ ಬರುತ್ತವೆ, ಅವು ಸೋರುತ್ತವೆ ಎಂದೇನಿಲ್ಲ. ಗೆರೆಯೊಳಗೆ ನೂಲು ಕಂಡರೆ ಆ ಬೆಲ್ಲೋ ಮುಗಿಯಿತು. ಕೆಳಗೆ ಪಿಸ್ಟನ್ ಮೇಲೆ, ಅಂದರೆ ಬೆಲ್ಲೋ ಕೂರುವ ಗಟ್ಟಿ ಬುಡದ ಮೇಲೆ, ರಬ್ಬರ್ ಮಡಿಚಿಕೊಳ್ಳುವ ಜಾಗ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ಸಣ್ಣ ಕಲ್ಲು ಸಿಕ್ಕಿ ತಿನ್ನುತ್ತಿರುತ್ತದೆ. ಮೇಲಿನ ಉಕ್ಕಿನ ತಟ್ಟೆಯ ಅಂಚು ತುಕ್ಕು ಹಿಡಿದಿದ್ದರೆ ಸೋಪನ್ನು ಅಲ್ಲೂ ಸುತ್ತ ಹಚ್ಚಿ.

ಕೆಳಗೆ ನುಗ್ಗುವ ಮೊದಲು ಒಳಗೂ ನೋಡಿ. ಡ್ರೈವರ್ ಸೀಟು ಗಾಳಿಯದ್ದಾಗಿದ್ದರೆ ಅದರ ವಾಲ್ವ್, ಏರ್ ಹಾರ್ನ್, ಮೆಟ್ಟಿಲ ಮುಚ್ಚಳದ ಸಿಲಿಂಡರ್ ಎಲ್ಲ ಗಾಳಿಯನ್ನು ಇವೇ ಟ್ಯಾಂಕ್‌ಗಳ ಕಡೆಯಿಂದ ಪಡೆಯುತ್ತವೆ. ಡ್ರೈಯರ್ ತುಂಬಿದ ಮೇಲೆ ಒಮ್ಮೆ ಜೋರಾಗಿ ಉಸಿರು ಬಿಡುತ್ತದೆ, ಅದು ಸರಿ. ಎಂಜಿನ್ ನಿಲ್ಲಿಸಿದ ಮೇಲೂ ಅದರ ಕೆಳಗೆ ಸುಯ್ ಎನ್ನುತ್ತಿದ್ದರೆ ಆ ಉಸಿರು ಬಿಡುವ ಪರ್ಜ್ ವಾಲ್ವ್ ಅಥವಾ ಚೆಕ್ ವಾಲ್ವ್ ನೋಡಿ. ಟ್ಯಾಂಕಿನ ನೀರು ಬಿಡುವ ವಾಲ್ವ್‌ನಲ್ಲಿ ಕಸ ಕೂತಿದ್ದರೆ ನಾಲ್ಕು ಸಲ ಎಳೆದು ಬಿಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ.

ಗಾಳಿಯಿಂದಲೇ ಲೆವೆಲ್ ಆಗುವ ಗಾಡಿಗಳಲ್ಲಿ ಪ್ರತಿ ಮೂಲೆಗೂ ಏರಿಸುವ, ಇಳಿಸುವ ಸೊಲೆನಾಯ್ಡ್‌ಗಳು, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್‌ಗಳು, ಇರುತ್ತವೆ. ಅವುಗಳ ಸೀಟಿನಲ್ಲಿ ಕಸ ಕೂತರೂ ಇದೇ ಲಕ್ಷಣ. ಸೋರುವ ಮೂಲೆಯ ಸೊಲೆನಾಯ್ಡನ್ನು ಚೆನ್ನಾಗಿರುವ ಮೂಲೆಯದರ ಜೊತೆ ಅದಲುಬದಲು ಮಾಡಿ. ದೋಷ ಅದರ ಜೊತೆ ಹೋದರೆ ಸಿಕ್ಕಿತು ಎಂದೇ ಲೆಕ್ಕ. ಸೋರಿಕೆ ಮುಚ್ಚುವ ಯಾವ ದ್ರವವನ್ನೂ ಈ ಪೈಪುಗಳಿಗೆ ಸುರಿಯಬೇಡಿ. ಅದೇ ಗಾಳಿ ಬ್ರೇಕಿಗೂ ಹೋಗುತ್ತದೆ.

ಹೈಟ್ ವಾಲ್ವ್ ಬದಲಿಸಿದವರು ಎತ್ತರ ಮತ್ತೆ ಹೊಂದಿಸಲೇಬೇಕು. ಎತ್ತರ ತಪ್ಪಿದರೆ ಎಂಜಿನ್ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕೋನ ತಪ್ಪುತ್ತದೆ, ಅದರ ಕೀಲುಗಳು ಬೇಗ ಸವೆಯುತ್ತವೆ. ಒತ್ತಡ 100ಕ್ಕಿಂತ ಮೇಲಿರಲಿ, ನೆಲ ಸಮವಾಗಿರಲಿ. ಚಾಸಿ ಕೈಪಿಡಿ ಹೇಳಿದ ಜಾಗದಲ್ಲೇ ಅಳೆಯಿರಿ, ಚಕ್ರದ ಮೇಲಿನ ನಿಮ್ಮ ಪೆನ್ಸಿಲ್ ಗುರುತಿನಲ್ಲಿ ಅಲ್ಲ. ಗಾಡಿಯನ್ನು ಸ್ವಲ್ಪ ಇಳಿಸಿ, ತಾನಾಗಿ ಏರಿ ನಿಲ್ಲಲು ಬಿಟ್ಟು ಆಮೇಲೆ ಅಳತೆ ತೆಗೆಯಿರಿ. ಕೊಂಡಿಯನ್ನು ಒಂದೊಂದು ಸುತ್ತು ತಿರುಗಿಸಿ, ಪ್ರತಿ ಸಲ ಕಾಯಿರಿ. ನನಗೆ ಒಂದು ಬದಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಎರಡೂ ಕೆಲಸ ಮುಗಿದ ಮೇಲಿನ ಮೊದಲ ರಾತ್ರಿ ಮುಂದಿನ ಟ್ಯಾಂಕ್ 113, ಹಿಂದಿನದೂ 113. ಈಗ ನಿಲ್ಲಿಸಿ ಆರು ದಿನ ಆದರೂ ಎಡ ಹಿಂದಿನ ಮೂಲೆ ಅರ್ಧ ಇಂಚು ಇಳಿಯುತ್ತದೆ ಅಷ್ಟೇ. ಇಪ್ಪತ್ತು ವರ್ಷದ ಗಾಡಿಗೆ ನನಗೆ ಇಷ್ಟು ಸಾಕು. ಜನವರಿಯಲ್ಲಿ ಅರಿಜೋನಾದ್ದೇ ಆದ ಕ್ವಾರ್ಟ್ಸ್‌ಸೈಟ್‌ನ ಮರುಭೂಮಿಯಲ್ಲಿ ಹತ್ತು ದಿನ ನಿಲ್ಲಿಸುವುದಿದೆ. ನೋಟ್‌ಬುಕ್ ಮತ್ತು ಟೇಪ್ ಡ್ರೈವರ್ ಸೀಟಿನ ಪಕ್ಕದ ಡಬ್ಬಿಯಲ್ಲೇ ಇವೆ.